ಬದುವಿನ ಹೂವು, ಬೆಳೆಯ ಬಂಧು

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಏರ್ಪಡಿಸಿದ್ದ ರೈತಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಎಲ್ಲರೂ ಸಾಲ, ಠೇವಣಿ, ಲಾಭಾಂಶದ ಬಗ್ಗೆ ಮಾತಾಡಿದ್ದಾರೆ. ಅದು ಸರಿಯೇ. ನಮಗೆ ಕೊಟ್ಟಿರುವ ವಿಷಯ ಮಾತ್ರ ಸ್ವಲ್ಪ ಬೇರೆ. ಹೊಲದ ಬದುವಿನ ಮೇಲೆ ತಾನಾಗಿ ಹುಟ್ಟುವ ಕಾಡು ಹೂವಿನ ಗಿಡಗಳನ್ನು ಬೀಜ ಹಾಕಿ ಬೆಳೆಸುವ ವಿಷಯ. ಕೇಳಿದ ಕೂಡಲೇ ಕೆಲವರು ನಕ್ಕಿರಬಹುದು. "ಕಳೆ ಕೀಳೋಕೇ ಕೂಲಿಯವರು ಸಿಗಲ್ಲ, ಇವರು ಕಳೆ ಬಿತ್ತಿ ಅಂತಾರಲ್ಲ!" ಎಂದು. ನಗುವುದರಲ್ಲಿ ತಪ್ಪಿಲ್ಲ. ಆದರೆ ಪೂರ್ತಿ ಕೇಳಿ, ಆಮೇಲೆ ತೀರ್ಮಾನ ಮಾಡಿ ಎಂದಷ್ಟೇ ನಮ್ಮ ಪ್ರಾರ್ಥನೆ.

ಸಹಕಾರಿ ಸಂಘ ಯಾಕೆ ಹುಟ್ಟಿತು ಎಂಬುದನ್ನು ಮೊದಲು ನೆನೆಯೋಣ. 1905ರಲ್ಲಿ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ರೈತನಿಗೆ ಸುಗ್ಗಿಯಲ್ಲಿ ಕಾಸು ಬರುತ್ತದೆ, ಖರ್ಚು ಮಾತ್ರ ವರ್ಷವಿಡೀ ಇರುತ್ತದೆ. ಕೈ ಬರಿದಾದ ತಿಂಗಳುಗಳಲ್ಲಿ ಅವನನ್ನು ಹಿಡಿದು ನಿಲ್ಲಿಸುವವರು ಬೇಕು. ಪತ್ತಿನ ಸಂಘದ ಕೆಲಸ ಅದೇ. ಬಿತ್ತನೆ ಕಾಲಕ್ಕೆ ಸಾಲ ಕೊಟ್ಟು, ಸುಗ್ಗಿಯಲ್ಲಿ ವಾಪಸು ಪಡೆಯುವುದು.

ಜೇನಿನ ಪಾಡೂ ಹೀಗೆಯೇ ಅಲ್ಲವೇ? ಸೂರ್ಯಕಾಂತಿ ಹೂ ಬಿಡುವುದು ಎರಡು ಮೂರು ವಾರ. ಹುಚ್ಚೆಳ್ಳು ಇನ್ನಷ್ಟು ದಿನ. ಆಮೇಲೆ ಹೊಲ ಬೋಳು. ನಮ್ಮ ಬೆಳೆ ಹೂ ಬಿಡುವುದು ಕೆಲವು ವಾರ, ಆದರೆ ಜೇನಿಗೆ ಹೊಟ್ಟೆ ಹನ್ನೆರಡು ತಿಂಗಳೂ ಇದೆ. ಉಳಿದ ತಿಂಗಳಲ್ಲಿ ಅದಕ್ಕೆ ಯಾರು ಗತಿ? ಬದುವಿನ ತುಂಬೆ, ದಾರಿ ಬದಿಯ ತಂಗಡಿ, ಬೇಲಿಯ ಬಳ್ಳಿ, ಬೇಸಿಗೆಗೆ ಹೊಂಗೆ, ಬೇವು. ಬದುವಿನ ಹೂವೇ ಜೇನಿನ ಪತ್ತಿನ ಸಂಘ. ಆ ಸಂಘವನ್ನು ಮುಚ್ಚಿಬಿಟ್ಟು, ನಮ್ಮ ಸೌತೆ ಹೂವಿಗೆ ಮಾತ್ರ ಬಾ ಎಂದು ಜೇನನ್ನು ಕರೆದರೆ ಅದು ಎಲ್ಲಿಂದ ಬಂದೀತು?

ನಷ್ಟ ಯಾರಿಗೆ?

ಇದು ಹೂವಿನ ಮೋಹದ ಮಾತಲ್ಲ, ಹೊಟ್ಟೆಪಾಡಿನ ಮಾತು. ಜಗತ್ತಿನ ಮುಖ್ಯ ಆಹಾರ ಬೆಳೆಗಳ ಜಾತಿಗಳಲ್ಲಿ ನಾಲ್ಕರಲ್ಲಿ ಮೂರರಷ್ಟು ಬೆಳೆಗಳು ಇಳುವರಿಗೋ ಗುಣಮಟ್ಟಕ್ಕೋ ಸ್ವಲ್ಪವಾದರೂ ಪರಾಗಸ್ಪರ್ಶ ಮಾಡುವ ಜೀವಿಗಳನ್ನು ನಂಬಿವೆ ಎಂದು ಜೀವವೈವಿಧ್ಯ ಕುರಿತ ಅಂತರಸರ್ಕಾರಿ ವೇದಿಕೆಯ ವರದಿ 2016ರಲ್ಲಿ ಹೇಳಿದೆ. ರಾಗಿ, ಭತ್ತ, ಜೋಳಕ್ಕೆ ಜೇನು ಬೇಡ ನಿಜ. ಆದರೆ ಕುಂಬಳ, ಸೌತೆ, ಹೀರೆ, ಹಾಗಲ ನೋಡಿ. ಇವುಗಳಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಪರಾಗ ಅಂಟಂಟಾಗಿರುವುದರಿಂದ ಗಾಳಿಗೆ ಹಾರುವುದಿಲ್ಲ. ಹುಳು ಹೊತ್ತು ತರಲೇಬೇಕು. ತರದಿದ್ದರೆ ಪೀಚು ಹಳದಿಯಾಗಿ ಉದುರುತ್ತದೆ, ಇಲ್ಲವೇ ಕಾಯಿ ಸೊಟ್ಟಗಾಗುತ್ತದೆ. ಜೇನಿಲ್ಲದ ಕಡೆ ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ಮುಟ್ಟಿಸಲು ಕೂಲಿ ಕೊಡಬೇಕಾಗುತ್ತದೆ. ಪುಕ್ಕಟೆ ಆಗುತ್ತಿದ್ದ ಕೆಲಸಕ್ಕೆ ಕೂಲಿ!

ಬದನೆ, ಟೊಮ್ಯಾಟೊ ಇನ್ನೂ ಸ್ವಾರಸ್ಯ. ಇವುಗಳ ಪರಾಗ ಚಿಕ್ಕ ಕೊಳವೆಯಂಥ ಕೇಸರದೊಳಗೆ ಇರುತ್ತದೆ. ಉಪ್ಪಿನ ಡಬ್ಬಿ ಅಲ್ಲಾಡಿಸಿದ ಹಾಗೆ ಅಲ್ಲಾಡಿಸಿದರೆ ತುದಿಯ ತೂತಿನಿಂದ ಉದುರುತ್ತದೆ. ಟೊಮ್ಯಾಟೊಗೆ ಗಾಳಿಯ ಅಲುಗಾಟವೂ ಕೊಂಚ ಸಹಾಯ ಮಾಡುತ್ತದೆ. ಆದರೆ ಪೆಟ್ಟಿಗೆ ಜೇನಿಗೆ ಹೀಗೆ ಅಲ್ಲಾಡಿಸುವ ವಿದ್ಯೆ ಬಾರದು. ಬರುವುದು ಮರ ಕೊರೆಯುವ ಕರಿ ದುಂಬಿಗೆ ಮತ್ತು ಹೊಟ್ಟೆಯ ಮೇಲೆ ನೀಲಿ ಪಟ್ಟೆ ಇರುವ ಒಂದು ಒಂಟಿ ಜೇನಿಗೆ. ಹೂವನ್ನು ತಬ್ಬಿ ಹಿಡಿದು 'ಜುಂಯ್' ಎಂದು ಮೈ ನಡುಗಿಸುತ್ತವೆ, ಪರಾಗ ಉದುರುತ್ತದೆ. ಇವು ಗೂಡು ಕಟ್ಟಿ ಸಂಸಾರ ಮಾಡುವ ಹುಳುಗಳಲ್ಲ. ಕರಿ ದುಂಬಿ ಒಣಮರ, ಬಿದಿರು ಕೊರೆಯುತ್ತದೆ, ನೀಲಿ ಪಟ್ಟೆಯದು ಬದುವಿನ ಮಣ್ಣಿನಲ್ಲಿ ತೂತು ಮಾಡುತ್ತದೆ. ಪ್ರಪಂಚದಲ್ಲಿ ಸುಮಾರು 20,000 ಜಾತಿಯ ಜೇನುಗಳಿವೆ, ಹೆಚ್ಚಿನವು ಹೀಗೆ ಒಂಟಿಯಾಗಿ ಬಾಳುವಂಥವೇ. ಇವನ್ನು ಪೆಟ್ಟಿಗೆಯಲ್ಲಿಟ್ಟು ಯಾರೂ ಮಾರುವುದಿಲ್ಲ. ಬದು ಇದ್ದರೆ ಇವು ಇರುತ್ತವೆ. ಬದು ಹೋದರೆ ಇವೂ ಹೋದವು.

ತುಡುವೆ ಜೇನು ಸಾಕುವವರ ಕಷ್ಟ ಹಿರಿಯರಿಗೆ ಗೊತ್ತಿದೆ. 1991-92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ನಂಜಾಣು ರೋಗ ಕರ್ನಾಟಕಕ್ಕೆ ಬಂದಾಗ ಪೆಟ್ಟಿಗೆಗೆ ಪೆಟ್ಟಿಗೆಯೇ ಖಾಲಿಯಾದವು. ರೋಗ ನಮ್ಮ ಕೈಯಲ್ಲಿರಲಿಲ್ಲ. ಆದರೆ ಉಳಿದ ಜೇನಿಗೆ ಹೊಟ್ಟೆಗೆ ಹಾಕುವುದು ನಮ್ಮ ಕೈಯಲ್ಲಿದೆ.

ಇನ್ನೊಂದು ಲಾಭವೂ ಉಂಟು. ಕಾಯಿಕೊರಕದ ಮೊಟ್ಟೆಯ ಮೇಲೋ ಮರಿಯ ಮೇಲೋ ತನ್ನ ಮೊಟ್ಟೆಯಿಡುವ ಸಣ್ಣ ಕಣಜಗಳಿವೆ. ಅವು ರೈತನ ಬಂಟರು. ದೊಡ್ಡದಾದ ಮೇಲೆ ಆ ಕಣಜಗಳಿಗೆ ಬೇಕಾದದ್ದು ಹೂವಿನ ಮಕರಂದ. ಗುಬ್ಬಿ ಕಾಳು ತಿನ್ನುವ ಹಕ್ಕಿ ನಿಜ, ಆದರೆ ಮರಿಗೆ ಕೊಡುವುದು ಹುಳ. ಹೂವಿದ್ದ ಕಡೆ ಹುಳ, ಹುಳ ಇದ್ದ ಕಡೆ ಗುಬ್ಬಿ. ಒಂದಕ್ಕೊಂದು ಸರಪಳಿ.

ಯಾವ ಗಿಡ?

ಕೆಲವರು ಕೇಳುತ್ತಾರೆ, "ಲಂಟಾನಕ್ಕೂ ಚಿಟ್ಟೆ ಬರುತ್ತಲ್ಲ, ಅದೂ ಹೂವೇ ಅಲ್ವಾ?" ಎಂದು. ಒಳ್ಳೆಯ ಪ್ರಶ್ನೆ. ಲಂಟಾನ ಅಮೆರಿಕ ಖಂಡದ ಗಿಡ. 1800ರ ದಶಕದ ಮೊದಲ ವರ್ಷಗಳಲ್ಲಿ ಅಂದಕ್ಕೆಂದು ಕಲ್ಕತ್ತೆಯ ತೋಟಕ್ಕೆ ತಂದರು, ಅಲ್ಲಿಂದ ದೇಶವೆಲ್ಲ ಹಬ್ಬಿತು. ಕಾಂಗ್ರೆಸ್ ಗಿಡ ಎನ್ನುವ ಪಾರ್ಥೇನಿಯಂ ಸಹ ಆ ಕಡೆಯದೇ, 1950ರ ದಶಕದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿತ್ತು. ಲಂಟಾನದ ಹೂವಿನಲ್ಲಿ ಚಿಟ್ಟೆ ರಸ ಕುಡಿಯುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ನಮ್ಮ ಚಿಟ್ಟೆಯ ಮರಿಹುಳಕ್ಕೆ ಅದರ ಎಲೆ ಊಟವಾಗುವುದಿಲ್ಲ. ಒಂದೊಂದು ಚಿಟ್ಟೆಗೂ ಮೊಟ್ಟೆಯಿಡಲು ತನ್ನದೇ ಗಿಡ ಬೇಕು. ಹೋಟೆಲಿನಲ್ಲಿ ಕಾಫಿ ಸಿಕ್ಕ ಮಾತ್ರಕ್ಕೆ ಅಲ್ಲೇ ಬಾಣಂತನ ಮಾಡಲಾಗುತ್ತದೆಯೇ? ಹಾಗೆ.

ಅಂಗಡಿಯಲ್ಲಿ ಸಿಗುವ ಬಣ್ಣದ ಚಿತ್ರದ 'ಕಾಡು ಹೂವಿನ ಬೀಜ'ದ ಪೊಟ್ಟಣಕ್ಕೂ ಇದೇ ಮಾತು. ಅದರಲ್ಲಿ ಬಹುಪಾಲು ಕಾಸ್ಮಸ್ ಮೊದಲಾದ ಪರದೇಶದ ಹೂವುಗಳು. ಬೀಜಕ್ಕೆ ಕಾಸು ಕೊಡುವ ಅಗತ್ಯವೇ ಇಲ್ಲ. ನಮ್ಮ ಊರಿನ ಎಲ್ಲೆಯೊಳಗೇ ಬೀಜ ಇದೆ. ನಮ್ಮ ಮಣ್ಣಿಗೂ ಮಳೆಗೂ ಒಗ್ಗಿದ ಬೀಜ ಅದು. ಬಯಲುಸೀಮೆಯ ನಮ್ಮಂಥ ಊರಿಗೆ ಸುಲಭವಾದ ಕೆಲವನ್ನು ಹೇಳುತ್ತೇವೆ.

ತುಂಬೆ: ಶಿವನ ತಲೆಗೆ ಏರುವ ಹೂ. ಮಕ್ಕಳು ಕಿತ್ತು ಸಿಹಿ ಹೀರುವ ಹೂವೂ ಅದೇ. ಮಕ್ಕಳಿಗೆ ಸಿಕ್ಕ ಸಿಹಿ ಜೇನಿಗೆ ಸಿಗದೇ ಇದ್ದೀತೇ? ಮಳೆಗಾಲ ಶುರುವಾದ ಮೇಲೆ ಹುಟ್ಟಿ, ಹಬ್ಬದ ತಿಂಗಳುಗಳಲ್ಲಿ ಹೂ ತುಂಬಿ, ಒಂದೇ ವರ್ಷದಲ್ಲಿ ಬಾಳು ಮುಗಿಸುವ ಗಿಡ.

ತಂಗಡಿ: ಕೆಲವು ಕಡೆ ಆವರಿಕೆ ಎನ್ನುತ್ತಾರೆ. ತೊಗಟೆ ಚರ್ಮ ಹದ ಮಾಡುವುದಕ್ಕೆ ಹೋಗುತ್ತಿತ್ತು. ನೀರಿಲ್ಲದ ಗೊರಸು ನೆಲದಲ್ಲೂ ಹಳದಿ ಹೂ ಬಿಡುತ್ತದೆ. ಇದರಲ್ಲಿ ಮಕರಂದವಿಲ್ಲ, ಪರಾಗ ಮಾತ್ರ. ಅದನ್ನೂ ಅಲ್ಲಾಡಿಸಿಯೇ ತೆಗೆಯಬೇಕು. ಅಂದರೆ ಬದನೆಗೆ ಬೇಕಾದ ದುಂಬಿಗಳನ್ನೇ ಇದು ಸಾಕುತ್ತದೆ. ತಂಗಡಿ, ಕಕ್ಕೆಯಂಥ ಗಿಡಗಳ ಎಲೆಯ ಮೇಲೆ ಹಳದಿ ಬಿಳುಪು ಚಿಟ್ಟೆಗಳು ಮೊಟ್ಟೆಯಿಡುತ್ತವೆ.

ಗಿಜಿಗಿಜಿ ಗಿಡ: ಒಣಗಿದ ಕಾಯಿ ಅಲ್ಲಾಡಿಸಿದರೆ ಗಿಲಕಿಯಂತೆ ಸದ್ದು ಮಾಡುವ ಗಿಡ. ಹಸಿರೆಲೆ ಗೊಬ್ಬರದ ಸೆಣಬಿನ ನೆಂಟ. ದುಂಬಿಗೂ ಎಲೆ ಕತ್ತರಿಸುವ ಒಂಟಿ ಜೇನಿಗೂ ಇಷ್ಟ. ಆದರೆ ಈ ಜಾತಿಯ ಕೆಲವು ಗಿಡಗಳ ಬೀಜ ದನಕರುಗಳಿಗೆ ವಿಷ. ಮೇವಿನ ಬದುವಿನಲ್ಲಿ ಬೇಡ, ದನ ಹೋಗದ ಬೇಲಿಯೊಳಗೆ ಇರಲಿ.

ಎಕ್ಕ: ಕಿತ್ತಳೆ ಬಣ್ಣದ, ಕಪ್ಪು ಬಿಳಿ ಅಂಚಿನ ಚಿಟ್ಟೆಯ ಮರಿಗೆ ಎಕ್ಕದ ಎಲೆಯೇ ಅನ್ನ. ಅದರ ಹೂವಿಗೆ ಕರಿ ದುಂಬಿ ಬರುತ್ತದೆ. ಬಿತ್ತುವುದೇನೂ ಬೇಡ, ಇದ್ದದ್ದನ್ನು ಪೂರಾ ಕಡಿಯದಿದ್ದರೆ ಸಾಕು.

ಈಶ್ವರಿ ಬಳ್ಳಿ: ಬೇಲಿಗೆ ಹಬ್ಬುವ ಬಳ್ಳಿ. 2016ರಲ್ಲಿ ಸರ್ಕಾರ ನಾಡಿನ ಚಿಟ್ಟೆ ಎಂದು ಘೋಷಿಸಿದ ದೊಡ್ಡ ಹಳದಿ ಕಪ್ಪು ಚಿಟ್ಟೆ ಪಶ್ಚಿಮಘಟ್ಟದ್ದು, ಅದರ ಮರಿ ಈಶ್ವರಿ ಬಳ್ಳಿ ಮತ್ತು ಅದರ ದಾಯಾದಿ ಬಳ್ಳಿಗಳನ್ನೇ ತಿಂದು ಬೆಳೆಯುತ್ತದೆ. ನಮ್ಮ ಬಯಲಿಗೆ ಆ ಚಿಟ್ಟೆ ಬರಲಿಕ್ಕಿಲ್ಲ. ಆದರೆ ಮೈಯೆಲ್ಲ ಕೆಂಪಿರುವ ಕಪ್ಪು ಚಿಟ್ಟೆಗಳು ನಮ್ಮಲ್ಲೂ ಇದೇ ಬಳ್ಳಿಯನ್ನು ಹುಡುಕಿಕೊಂಡು ಬರುತ್ತವೆ. ಒಂದು ಎಚ್ಚರಿಕೆ. ಹಾವಿನ ಮದ್ದೆಂದು ಇದನ್ನು ಹೊಟ್ಟೆಗೆ ಕೊಡುವ ರೂಢಿ ಇದೆ. ಇದರಲ್ಲಿರುವ ಆಮ್ಲ ಮೂತ್ರಪಿಂಡ ಕೆಡಿಸುತ್ತದೆ, ಕ್ಯಾನ್ಸರಿಗೂ ಕಾರಣವಾಗುತ್ತದೆ. ಚಿಟ್ಟೆಗೆ ಬಿಡಿ, ನಾವು ತಿನ್ನುವುದು ಬೇಡ. ಹಾವು ಕಚ್ಚಿದರೆ ಸೀದಾ ಆಸ್ಪತ್ರೆಗೆ.

ಇವಲ್ಲದೆ ನೆಲಕ್ಕಂಟಿ ನೀಲಿ ಹೂ ಬಿಡುವ ವಿಷ್ಣುಕ್ರಾಂತಿ ಇದೆ, ದೀಪಾವಳಿಯಲ್ಲಿ ಸಗಣಿಯ ಉಂಡೆಗೆ ಸಿಕ್ಕಿಸುವ ಉತ್ತರಾಣಿ ಇದೆ. ಹುಚ್ಚೆಳ್ಳು ಮೂಲತಃ ಹೊರಗಿನಿಂದ ಬಂದ ಬೆಳೆಯಾದರೂ ರಾಗಿ ಹೊಲದ ಅಂಚಿಗೆ ನಮ್ಮ ಹಿರಿಯರು ಹಾಕುತ್ತಿದ್ದ ಸಾಲು ಜೇನಿಗೆ ಹಬ್ಬವೇ ಆಗಿತ್ತು. ಆ ಸಾಲನ್ನು ಮತ್ತೆ ಹಾಕಿದರೆ ಒಗ್ಗರಣೆಗೂ ಎಣ್ಣೆಯಾಯಿತು.

ಬೀಜ ತೆಗೆಯುವುದು, ಇಡುವುದು, ಹಾಕುವುದು

ಬೀಜವನ್ನು ಪೂರಾ ಬಲಿತ ಮೇಲೆಯೇ ತೆಗೆಯಬೇಕು. ಹಸಿಯಾಗಿ ಕಿತ್ತದ್ದು ಹುಟ್ಟುವುದಿಲ್ಲ. ತುಂಬೆಯ ಗುಚ್ಛ ಒಣಗಿ ಕಂದಾದಾಗ ಗಿಡವನ್ನು ಬಗ್ಗಿಸಿ, ಕೆಳಗೆ ಮೊರ ಹಿಡಿದು ತಟ್ಟಿ. ಸಣ್ಣ ಕಪ್ಪು ಬೀಜ ಉದುರುತ್ತದೆ. ತಂಗಡಿ, ಗಿಜಿಗಿಜಿ ಕಾಯಿ ಗಿಡದಲ್ಲೇ ಒಣಗಲಿ. ಈಶ್ವರಿ ಬಳ್ಳಿಯ ಕಾಯಿ ಒಣಗಿ ಬಾಯಿ ಬಿಟ್ಟಾಗ ಪುಟ್ಟ ಬುಟ್ಟಿಯಂತೆ ತೂಗುತ್ತದೆ, ಒಳಗೆ ಚಪ್ಪಟೆ ಬೀಜ. ಗಾಳಿಗೆ ಹಾರುವ ಮೊದಲು ತೆಗೆಯಿರಿ. ಒಂದು ಕಡೆಯ ಬೀಜವನ್ನೆಲ್ಲ ಬಳಿದುಕೊಂಡು ಬರಬೇಡಿ. ಅರ್ಧಕ್ಕಿಂತ ಹೆಚ್ಚು ಅಲ್ಲೇ ಬಿಡಿ. ಮುಂದಿನ ವರ್ಷ ಅಲ್ಲಿಯೂ ಹುಟ್ಟಬೇಕಲ್ಲ.

ನೆರಳಲ್ಲಿ ನಾಲ್ಕು ದಿನ ಒಣಗಿಸಿ, ಬಟ್ಟೆ ಚೀಲದಲ್ಲೋ ಬೂದಿ ಬೆರೆಸಿ ಮಡಕೆಯಲ್ಲೋ ಇಡಿ. ಹಸಿ ಬೀಜ ಪ್ಲಾಸ್ಟಿಕ್ ಕವರಿಗೆ ಹಾಕಿದರೆ ಬೂಷ್ಟು ಹಿಡಿಯುತ್ತದೆ. ಗಿಡದ ಹೆಸರು, ತೆಗೆದ ತಿಂಗಳು ಬರೆದ ಚೀಟಿ ಒಳಗೆ ಹಾಕಿ. ಬಿತ್ತುವ ಮೊದಲು ಇಪ್ಪತ್ತು ಬೀಜ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಎಷ್ಟು ಮೊಳೆಯುತ್ತವೆ ಎಂದು ಎಣಿಸಿ. ರಾಗಿಗೂ ಅವರೆಗೂ ಮಾಡುವ ಪರೀಕ್ಷೆಯೇ, ಹೊಸದೇನೂ ಅಲ್ಲ.

ತಂಗಡಿ, ಗಿಜಿಗಿಜಿಯ ಬೀಜದ ಸಿಪ್ಪೆ ಗಟ್ಟಿ. ನೀರು ಒಳಗೆ ಹೋಗುವುದಿಲ್ಲ. ಹಾಗೇ ಹಾಕಿದರೆ ಕೆಲವು ಈ ವರ್ಷ, ಕೆಲವು ಎರಡು ವರ್ಷ ಬಿಟ್ಟು ಹುಟ್ಟುತ್ತವೆ. ಮಳೆ ಕೈಕೊಟ್ಟ ವರ್ಷ ಎಲ್ಲ ಬೀಜವೂ ಒಟ್ಟಿಗೆ ಹುಟ್ಟಿ ಸತ್ತುಹೋಗದಿರಲಿ ಎಂದು ಪ್ರಕೃತಿ ಮಾಡಿಕೊಂಡ ವಿಮೆ ಅದು. ನಮಗೆ ಈ ವರ್ಷವೇ ಬೇಕೆಂದರೆ, ನೀರು ಕುದಿಸಿ ಒಲೆಯಿಂದ ಇಳಿಸಿ, ಕುದಿ ನಿಂತ ಮೇಲೆ ಬೀಜದ ಮೇಲೆ ಹುಯ್ದು ರಾತ್ರಿಯೆಲ್ಲ ಬಿಡಿ. ಬೆಳಿಗ್ಗೆ ಉಬ್ಬಿದ್ದನ್ನು ಬಿತ್ತಿ. ಉಬ್ಬದ್ದನ್ನು ಮರಳಿನ ಜೊತೆ ಉಜ್ಜಿ ಮತ್ತೆ ನೆನೆಸಿ. ಒಲೆಯ ಮೇಲಿಟ್ಟು ಬೇಯಿಸಿದರೆ ಮಾತ್ರ ಹುಳಿಯೇ ಗತಿ!

ಮುಂಗಾರು ಹದವಾಗಿ ಬಿದ್ದು ನೆಲ ನೆಂದ ಮೇಲೆ ಜಾಗ ಸಿದ್ಧ ಮಾಡಿ. ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮೊದಲೇ ಬೇರು ಸಮೇತ ಕಿತ್ತು ಹಾಕಿ. ಮೈ ಕಡಿತ ತರುವ ಗಿಡ ಅದು, ಕೈಗೆ ಚೀಲ ಕಟ್ಟಿಕೊಳ್ಳಿ. ಕೈಗುದ್ದಲಿಯಿಂದ ನೆಲ ಕೆರೆದರೆ ಸಾಕು, ಉಳುವುದು ಬೇಡ, ಗೊಬ್ಬರವಂತೂ ಬೇಡವೇ ಬೇಡ. ಗೊಬ್ಬರ ಹಾಕಿದರೆ ಬಿರುಸು ಹುಲ್ಲೂ ಕಾಂಗ್ರೆಸ್ ಗಿಡವೂ ಮುಂದಾಗಿ ಇವನ್ನು ತುಳಿದುಬಿಡುತ್ತವೆ. ತುಂಬೆಯಂಥ ಸಣ್ಣ ಬೀಜ ಒಂದು ಹಿಡಿಗೆ ನಾಲ್ಕೈದು ಹಿಡಿ ಒಣ ಮರಳು ಬೆರೆಸಿ ಎರಚಿ, ಮೇಲೆ ಕಾಲಲ್ಲಿ ತುಳಿದರೆ ಮುಗಿಯಿತು. ಮಣ್ಣು ಮುಚ್ಚಬೇಡಿ. ತಂಗಡಿಯಂಥ ದಪ್ಪ ಬೀಜವನ್ನು ಅದರ ದಪ್ಪದ ಎರಡರಷ್ಟು ಆಳಕ್ಕೆ ಊರಿ. ಮೊದಲ ವರ್ಷ ಅಲ್ಲೊಂದು ಇಲ್ಲೊಂದು ಹುಟ್ಟಿದರೆ ಬೇಸರ ಬೇಡ. ಅವೇ ಬೀಜ ಉದುರಿಸಿ ಮರುವರ್ಷ ಜಾಗ ತುಂಬುತ್ತವೆ.

ಎಲ್ಲಿ ಹಾಕಬಾರದು ಎಂಬುದನ್ನೂ ಹೇಳಬೇಕು. ಕೆರೆ ಏರಿಯ ಮೇಲೆ ತಂಗಡಿಯಂಥ ಪೊದೆ ಬೇಡ, ಬೇರಿನಿಂದ ಏರಿಗೆ ಅಪಾಯ. ಕಾಡಿನೊಳಗೆ ಹೋಗಿ ಎರಚುವುದೂ ಬೇಡ, ಅಲ್ಲಿನದು ಅಲ್ಲಿಗೇ ಇದೆ. ನಮ್ಮ ಬದು, ಬೇಲಿ, ಶಾಲೆಯ ಆವರಣ, ಸಂಘದ ಗೋದಾಮಿನ ಹಿಂದಿನ ಖಾಲಿ ಜಾಗ, ಇವೇ ಸಾಕಷ್ಟಿವೆ.

ಅನುಮಾನಗಳು

"ಬದುವಿನಲ್ಲಿ ಬಿಟ್ಟರೆ ಹೊಲಕ್ಕೆ ಕಳೆ ಬರಲ್ವಾ?" ತುಂಬೆ ಒಂದಿಷ್ಟು ಹೊಲಕ್ಕೆ ಬರಬಹುದು. ಎಡೆಕುಂಟೆಗೆ ಸುಲಭವಾಗಿ ಕಿತ್ತು ಬರುತ್ತದೆ. ಆದರೆ ಬದುವನ್ನು ಬೋಳು ಮಾಡಿದರೆ ಅದು ಬೋಳಾಗಿಯೇ ಉಳಿಯುತ್ತದೆಯೇ? ಖಾಲಿ ಮನೆಗೆ ಮೊದಲು ನುಗ್ಗುವುದು ಕಾಂಗ್ರೆಸ್ ಗಿಡವೇ.

"ಹಸುವಿಗೆ ಹುಲ್ಲು ಎಲ್ಲಿಂದ?" ಇದು ಡೇರಿಗೆ ಹಾಲು ಹಾಕುವ ನಮ್ಮ ತಾಯಂದಿರ ನ್ಯಾಯವಾದ ಪ್ರಶ್ನೆ. ಬದು ಪೂರ್ತಿ ಹೂವಿಗೇ ಬಿಡಿ ಎಂದು ನಾವು ಹೇಳುವುದಿಲ್ಲ. ಒಂದು ಬದಿ ಈ ವಾರ ಕೊಯ್ಯಿರಿ, ಇನ್ನೊಂದು ಬದಿ ಹೂ ಮುಗಿದು ಬೀಜ ಉದುರಿದ ಮೇಲೆ. ಹುಲ್ಲೂ ಸಿಕ್ಕಿತು, ಹೂವೂ ಉಳಿಯಿತು.

"ಹಾವಿನ ಭಯ?" ನಡೆದಾಡುವ ದಾರಿಯ ಎರಡು ಮಗ್ಗುಲೂ ಮೊಣಕಾಲಿಗಿಂತ ಕೆಳಗೆ ಸವರಿಡಿ. ಮನೆಯ ಹಿತ್ತಿಲಿಗೆ ಅಂಟಿಕೊಂಡು ಪೊದೆ ಬೆಳೆಸಬೇಡಿ.

ಸಂಘ ಏನು ಮಾಡಬಹುದು?

ಈಗ ಸ್ವಲ್ಪ ಕಷ್ಟದ ಮಾತು. ಬದು ಬೋಳಾಗಲು ದೊಡ್ಡ ಕಾರಣ ಕಳೆನಾಶಕ. ಅದು ನಮ್ಮ ಸಂಘದ ಮಳಿಗೆಯಲ್ಲೂ ಮಾರಾಟವಾಗುತ್ತದೆ, ಅದರಿಂದ ಸಂಘಕ್ಕೆ ನಾಲ್ಕು ಕಾಸು ಆದಾಯವೂ ಇದೆ. ಈ ಮಾತನ್ನು ಮುಚ್ಚಿಟ್ಟು ಹೂವಿನ ಬಗ್ಗೆ ಮಾತಾಡಿದರೆ ಅದು ಪ್ರಾಮಾಣಿಕತೆ ಆಗುವುದಿಲ್ಲ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರವೇ ಗ್ಲೈಫೋಸೇಟ್ ಬಳಕೆಯನ್ನು ಕೀಟ ನಿಯಂತ್ರಣದ ತರಬೇತಿ ಪಡೆದವರ ಮೂಲಕ ಮಾತ್ರ ಎಂದು ಮಿತಿಗೊಳಿಸಿ ಅಧಿಸೂಚನೆ ಹೊರಡಿಸಿತು. ಕೂಲಿಯ ಕೊರತೆ ನಮಗೂ ಗೊತ್ತು. ಹೊಲದೊಳಗಿನ ಕಳೆಯ ವಿಚಾರ ಬೇರೆಯೇ ಚರ್ಚೆಯಾಗಲಿ. ಬದುವಿಗೆ ಮಾತ್ರ ಔಷಧ ಹೊಡೆಯುವುದಿಲ್ಲ ಎಂದು ನಾವೆಲ್ಲ ಒಟ್ಟಾಗಿ ಒಪ್ಪಬಹುದಲ್ಲವೇ? ಒಬ್ಬರು ಬಿಟ್ಟು ಪಕ್ಕದವರು ಹೊಡೆದರೆ ಪ್ರಯೋಜನವಿಲ್ಲ. ಬದು ಇಬ್ಬರದ್ದು, ಜೇನು ಊರಿನದ್ದು. ಒಗ್ಗಟ್ಟಿನಿಂದಲೇ ಆಗಬೇಕಾದ ಕೆಲಸ, ಆದ್ದರಿಂದಲೇ ಸಹಕಾರ ಸಂಘದ ಕೆಲಸ.

ಆಡಳಿತ ಮಂಡಳಿಯ ಮುಂದೆ ಮೂರು ಸಲಹೆ ಇಡುತ್ತೇವೆ. ಒಂದು, ಮುಂದಿನ ವಾರ್ಷಿಕ ಮಹಾಸಭೆಯ ಕಾರ್ಯಸೂಚಿಯಲ್ಲಿ 'ಬದುವಿಗೆ ಕಳೆನಾಶಕ ಬೇಡ' ಎಂಬ ವಿಷಯ ಸೇರಿಸಿ ಸದಸ್ಯರ ಅಭಿಪ್ರಾಯ ಕೇಳಿ. ಎರಡು, ಗೋದಾಮಿನಲ್ಲಿ ಒಂದು ಗೂಡು ಕಾಡು ಹೂವಿನ ಬೀಜದ ಮಡಕೆಗಳಿಗೆ ಕೊಡಿ. ಸದಸ್ಯರು ಒಂದು ಪಾವು ಬೀಜ ಸಾಲ ತೆಗೆದುಕೊಂಡರೆ, ಮುಂದಿನ ವರ್ಷ ಎರಡು ಪಾವು ವಾಪಸು. ಬೀಜದ ಸಾಲಕ್ಕೆ ಬಡ್ಡಿಯೂ ಬೀಜವೇ. ಈ ಸಾಲಕ್ಕೆ ಜಾಮೀನೂ ಬೇಡ, ಪಹಣಿಯೂ ಬೇಡ. ಮೂರು, ಬೀಜ ಆರಿಸುವ ಕೆಲಸದಲ್ಲಿ ಶಾಲೆಯ ಮಕ್ಕಳನ್ನೂ ಸ್ವಸಹಾಯ ಸಂಘದ ತಾಯಂದಿರನ್ನೂ ಸೇರಿಸಿಕೊಳ್ಳಿ. ಯಾವ ಬದುವಿನಲ್ಲಿ ಯಾವ ಹೂ ಇದೆ ಎಂಬುದು ಹುಲ್ಲು ಕೊಯ್ಯುವ ತಾಯಂದಿರಿಗೆ ಗೊತ್ತಿರುವಷ್ಟು ಯಾವ ಪುಸ್ತಕದಲ್ಲೂ ಇಲ್ಲ. ಆ ತಿಳುವಳಿಕೆ ಅವರ ಜೊತೆಗೇ ಮುಗಿದುಹೋಗಬಾರದು. ಮಕ್ಕಳು ಗಿಡದ ಹೆಸರು ಕೇಳಿ ಬರೆದಿಡಲಿ.

ಇದಕ್ಕೆ ತಗಲುವ ಖರ್ಚು ನಾಲ್ಕು ಮಡಕೆ, ಒಂದು ರಿಜಿಸ್ಟರು. ಬೀಜವನ್ನು ಈಗ ತೆಗೆದಿಡದಿದ್ದರೆ ಮಾತ್ರ ಮುಂದೆ ಹಣ ಕೊಟ್ಟರೂ ಸಿಗದು. ಗೊಬ್ಬರ ಮುಗಿದರೆ ಪೇಟೆಯಿಂದ ತರಬಹುದು. ಊರಿನ ತುಂಬೆ ಮುಗಿದರೆ ಯಾವ ಪೇಟೆಗೆ ಹೋಗೋಣ?

'ತಾನು ಎಲ್ಲರಿಗಾಗಿ, ಎಲ್ಲರೂ ತನಗಾಗಿ' ಎಂಬುದು ಸಹಕಾರದ ಮಂತ್ರ. ಆ 'ಎಲ್ಲರೂ' ಎಂಬ ಮಾತಿನಲ್ಲಿ ಷೇರು ಕಟ್ಟದೆ ದುಡಿಯುವ ಜೇನು, ದುಂಬಿ, ಗುಬ್ಬಿಗಳಿಗೂ ಒಂದು ಜಾಗ ಇರಲಿ. ಬರುವ ಮುಂಗಾರಿಗೆ ಪ್ರತಿ ಸದಸ್ಯರೂ ತಮ್ಮ ಒಂದು ಬದುವಿನ ಹತ್ತು ಮಾರು ಉದ್ದವನ್ನಾದರೂ ಇದಕ್ಕೆ ಬಿಡಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇವೆ.

 ಸಂಘ ಚಿನ್ನದ ಹಬ್ಬವನ್ನೂ ಕಾಣಲಿ.